ಮಷೀನಕ್ಕನ ರಾಜಿ

ಆ ಬೀದಿಯಲ್ಲಿ ಯಾರ ಮನೆಯ ಹೊಲಿಗೆ ಯಂತ್ರ ಮುನಿಸಿಕೊಂಡರೂ ಅದು ಬಂದು ನಿಲ್ಲುತ್ತಿದ್ದದ್ದು ಮಷೀನಕ್ಕನ ಮೇಜಿನ ಮೇಲೆ. ಚಿಕ್ಕವರಿಗೂ ಅವಳು ಮಷೀನಕ್ಕ, ದೊಡ್ಡವರಿಗೂ ಮಷೀನಕ್ಕ. ಅವಳಪ್ಪನ ವಯಸ್ಸಿನ ಟೈಲರುಗಳು ಕೂಡ ಬಾಗಿಲಲ್ಲಿ ನಿಂತು, "ಅಕ್ಕಾ, ಒಂಚೂರು ನೋಡಿ, ದಾರ ಕಚ್ಚಿ ಕಚ್ಚಿ ಬಿಡ್ತಾ ಇದೆ" ಅನ್ನುತ್ತಿದ್ದರು.

ಅಪ್ಪ ಬಟ್ಟೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು. ರಜೆಯ ದಿನ ಮನೆಗೇ ಕೆಲಸ ತರುತ್ತಿದ್ದ. ಬಿಚ್ಚಿದ ತಿರುಪುಗಳನ್ನು ತಟ್ಟೆಯಲ್ಲಿ ಹಿಡಿದುಕೊಂಡು ಕೂರುವುದೇ ಅವಳ ಆಟವಾಗಿತ್ತು. ಮದುವೆಯಾಗಿ ಈ ಬೀದಿಗೆ ಬಂದ ಮೇಲೆ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡಳು. ಯಂತ್ರದ ಬೆನ್ನ ಮೇಲೆ ಎಡಗೈ ಇಟ್ಟು, ಬಲಗೈಯಲ್ಲಿ ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತಾ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂರುವಳು. ಆಮೇಲೆ ಬೈಗುಳ ಶುರು.

"ಇದಕ್ಕೆ ಏನು ಹಾಕಿದ್ದೀರಿ? ಅಡುಗೆ ಎಣ್ಣೆಯಾ? ಇದೇನು ಒಗ್ಗರಣೆ ಹಾಕೋ ಬಾಣಲೇನಾ?"

ಬೈಸಿಕೊಂಡವರಿಗೆ ಬೇಜಾರಾಗುತ್ತಿರಲಿಲ್ಲ. ಏಕೆಂದರೆ ಶುಕ್ರವಾರ ಕೊಡುತ್ತೇನೆ ಎಂದರೆ ಅವಳು ಶುಕ್ರವಾರವೇ ಕೊಡುತ್ತಿದ್ದಳು. ಕೊಡಲು ಆಗದಿದ್ದರೆ ಮೊದಲೇ "ಆಗಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು. ಒಮ್ಮೆ ಶಾಲೆ ತೆರೆಯುವ ಮುಂಚೆ ಸಮವಸ್ತ್ರ ಹೊಲಿಯುವ ಹೆಂಗಸೊಬ್ಬಳ ಯಂತ್ರ ಕೆಟ್ಟಿತು. ಬಿಡಿಭಾಗ ಬರುತ್ತದೆಂದು ನಂಬಿ ಮಷೀನಕ್ಕ ದಿನ ಹೇಳಿದ್ದಳು. ಅದು ಬರಲೇ ಇಲ್ಲ. ಹೇಳಿದ ದಿನ ಆ ಹೆಂಗಸು ಬಂದು ನಿಂತಾಗ ತನ್ನ ಸ್ವಂತ ಯಂತ್ರವನ್ನೇ ಎತ್ತಿ ಅವಳ ಕೈಗಿಟ್ಟು, "ನಿಮ್ಮದು ಸರಿಯಾಗೋವರೆಗೂ ಇದರಲ್ಲಿ ಹೊಲೀರಿ. ಇದು ನನ್ನ ಮಾತನ್ನ ಕೇಳುತ್ತೆ, ನಿಮ್ಮದನ್ನೂ ಕೇಳುತ್ತೆ" ಅಂದಳು.

ಅವಳ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವ ಕೆಲಸದವನು. ಮಾತು ಕಡಿಮೆ, ಆಡಿದರೆ ತಮಾಷೆ. "ನಮ್ಮ ಮನೇಲಿ ಹಿಟ್ಟು ನಾದೋನು ನಾನು, ಜನರನ್ನ ನಾದೋಳು ಇವಳು" ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದ. ಮಕ್ಕಳಿರಲಿಲ್ಲ. ಅದರ ಬಗ್ಗೆ ಮೂಗು ತೂರಿಸಲು ಬಂದವರನ್ನು ಮಷೀನಕ್ಕ ತೂರಿಸಿದ ಮೂಗಿನ ಸಮೇತ ಹೊರಗೆ ಕಳಿಸಿದ್ದಳು.

ಮನೆಯ ಮಾಲೀಕರು ಮೇಲಿನ ಮಹಡಿಯಲ್ಲಿದ್ದರು. ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಡ್ರಾಯಿಂಗ್ ಮೇಷ್ಟ್ರು. ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್. ಅವರೂ ಅವರ ಹೆಂಡತಿಯೂ ಮಷೀನಕ್ಕನನ್ನು ಬಾಡಿಗೆಯವಳು ಎಂದು ನೋಡಿದ್ದೇ ಇಲ್ಲ. ಮೇಲಿನಮ್ಮ — ಮೇಷ್ಟ್ರ ಹೆಂಡತಿಯನ್ನು ಅವಳು ಹಾಗೇ ಕರೆಯುತ್ತಿದ್ದಳು — ಸಂಜೆ ಮೆಟ್ಟಿಲಿಳಿದು ಬಂದು, ಅವಳ ಮೇಜಿನ ಪಕ್ಕ ಸ್ಟೂಲ್ ಎಳೆದುಕೊಂಡು, ಬೀದಿಯ ಸುದ್ದಿಯನ್ನೆಲ್ಲ ಹಂಚಿಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮೇಲಿನಮ್ಮ ಹಲ್ಲುಜ್ಜುತ್ತಾ ನಿಂತವರು ಕುಸಿದುಬಿದ್ದರು. ಬಲಭಾಗ ಪೂರ್ತಿ ಸ್ವಾಧೀನ ತಪ್ಪಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೆಟ್ಟಿಲೇ ಅವರ ವೈರಿಯಾಯಿತು. ಕಿರಿದಾದ, ತಿರುವಿರುವ ಮೆಟ್ಟಿಲು. ವೈದ್ಯರ ಹತ್ತಿರ ಹೋಗಬೇಕಾದಾಗಲೆಲ್ಲ ಇಬ್ಬರು ಗಂಡಾಳು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಕುರ್ಚಿಯನ್ನು ಎತ್ತಿ ಇಳಿಸಬೇಕು. ಮೇಲಿನಮ್ಮನ ಎಡಗೈ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿಯುವುದು, ಬಿಡಿಸಿಕೊಂಡು ಮುಂದೆ ಹೋಗುವುದು, ಮತ್ತೆ ಹಿಡಿಯುವುದು.

ಮೇಷ್ಟ್ರು ಬಂದು ಸಂಕೋಚದಿಂದ ಕೇಳಿದರು. "ಏನಮ್ಮಾ, ಕೆಳಗಿನ ಮನೆ ನಮಗೇ ಬೇಕಾಗುತ್ತೇನೋ. ಅವಳನ್ನ ಹೀಗೆ ಎಷ್ಟು ದಿನ ಹೊತ್ತು ತಿರುಗೋದು?"

ಮಷೀನಕ್ಕ ತನ್ನ ಮೇಜಿನ ಕಡೆ ನೋಡಿದಳು. ಮನೆ ಬೇರೆ ಸಿಗುತ್ತದೆ. ಆದರೆ ಬೀದಿಗೆ ಮುಖ ಮಾಡಿದ ಆ ಕೋಣೆ? ಇಲ್ಲಿಂದ ಎದ್ದರೆ ಯಂತ್ರ ಹೊತ್ತುಕೊಂಡು ಯಾರು ಹುಡುಕಿಕೊಂಡು ಬರುತ್ತಾರೆ? "ನೋಡ್ತೀನಿ ಮೇಷ್ಟ್ರೇ" ಅಂದಳು. ನೋಡಿದಳು ಕೂಡ. ಆ ಬೀದಿಯಲ್ಲಾಗಲಿ ಪಕ್ಕದ ಬೀದಿಯಲ್ಲಾಗಲಿ ಅಂಗಡಿಗಾಗುವ ಜಾಗ ಸಿಗಲಿಲ್ಲ. ತಿಂಗಳುಗಳು ಉರುಳಿದವು. ಮೇಷ್ಟ್ರು ಮತ್ತೆ ಕೇಳಲಿಲ್ಲ. ಅವರ ಅಳಿಯ ಕೇಳಿದ. ಅವನು ಸ್ನಾನದ ಮನೆಯ ಟೈಲ್ಸ್ ವ್ಯಾಪಾರಿ, ಊರಿನ ಇನ್ನೊಂದು ತುದಿಯಲ್ಲಿ ಹೆಂಡತಿಯೊಡನೆ ಇದ್ದವನು. ಅವನು ಬಾಯಲ್ಲಿ ಕೇಳಲಿಲ್ಲ, ವಕೀಲರ ಕೈಯಲ್ಲಿ ನೋಟಿಸ್ ಕಳಿಸಿದ. ಕೆಳಗೆ ಮೇಷ್ಟ್ರ ಸಹಿಯಿತ್ತು.

ಮಷೀನಕ್ಕನಿಗೆ ನೋವಾದದ್ದು ನೋಟಿಸ್ ಬಂದದ್ದಕ್ಕಲ್ಲ, ಬಂದ ದಾರಿಗೆ. "ಮೇಲಿಂದ ಕೆಳಕ್ಕೆ ಬರೋದಕ್ಕೆ ಮೆಟ್ಟಿಲಿತ್ತಲ್ಲ! ಈ ಕಾಗದ ಅಂಚೆ ಕಚೇರಿಗೆ ಹೋಗಿ, ಊರೆಲ್ಲ ಸುತ್ತಿ, ತಿರುಗಿ ಅದೇ ಮನೆಗೆ ಬಂತು" ಎಂದು ಗಂಡನ ಮುಂದೆ ಕೂಗಾಡಿದಳು. ಸಿಟ್ಟು ನೆತ್ತಿಗೇರಿತು. ಅವಳೂ ಒಬ್ಬ ವಕೀಲರನ್ನು ಹಿಡಿದಳು. ದಪ್ಪ ಕನ್ನಡಕದ, ಯಾವಾಗಲೂ ಹಸಿದಂತೆ ಕಾಣುವ ಮನುಷ್ಯ. ಮೇಷ್ಟ್ರು ಮನೆ ತೆರವು ಮಾಡಿಸಿಕೊಡಬೇಕೆಂದು ದಾವೆ ಹೂಡಿದರು, ಇವಳು ಬಿಡುವುದಿಲ್ಲ ಎಂದು ಉತ್ತರ ಹಾಕಿದಳು.

ಕೇಸು ನಡೆಯುತ್ತಿದ್ದ ಕಾಲವೇ ಒಂದು ವಿಚಿತ್ರ. ನ್ಯಾಯಾಲಯದ ಮೊಗಸಾಲೆಯಲ್ಲಿ ಮೇಷ್ಟ್ರು ಒಂದು ಬೆಂಚು, ಇವಳು ಎದುರು ಬೆಂಚು. ಕೂಗಿದಾಗ ಇಬ್ಬರೂ ಎದ್ದು ಒಳಗೆ ಹೋಗುವುದು, ಮುಂದಿನ ತಾರೀಖು ತೆಗೆದುಕೊಂಡು ಹೊರಗೆ ಬರುವುದು, ಆಮೇಲೆ ಒಂದೇ ಬಸ್ಸಿನಲ್ಲಿ ಒಂದೇ ಮನೆಗೆ ಹೋಗುವುದು. ಬಸ್ಸಿನಲ್ಲಿ ಜಾಗ ಸಿಕ್ಕರೆ ಅವಳು ಮೇಷ್ಟ್ರನ್ನು ಕೂರಿಸಿ ತಾನು ನಿಲ್ಲುತ್ತಿದ್ದಳು; ಮಾತು ಮಾತ್ರ ಆಡುತ್ತಿರಲಿಲ್ಲ. ಒಂದು ದಿನ ಮೇಲಿನಿಂದ ಕೀಚು ಕೀಚು ಎಂದು ಸದ್ದು ಬರುತ್ತಲೇ ಇತ್ತು. ಮೇಲಿನಮ್ಮನ ಗಾಲಿಕುರ್ಚಿಯದು. ತಡೆಯಲಾಗದೆ ಎಣ್ಣೆ ಡಬ್ಬಿ ಹಿಡಿದು ಮೇಲೆ ಹೋಗಿ, ಯಾರನ್ನೂ ಮಾತಾಡಿಸದೆ, ನೆಲದ ಮೇಲೆ ಕೂತು ಎರಡೂ ಗಾಲಿಗೆ ಎಣ್ಣೆ ಬಿಟ್ಟು ಕೆಳಗಿಳಿದು ಬಂದಳು. ವಕೀಲರಿಗೆ ಗೊತ್ತಾಗಿ, "ಏನಮ್ಮಾ ನೀವು, ಎದುರು ಪಾರ್ಟಿ ಮನೆಗೆ ಹೋಗ್ಬರ್ತೀರಾ?" ಎಂದು ರೇಗಿದರು.

"ಕೇಸು ಮನೇದು ಸ್ವಾಮಿ, ಗಾಲೀದಲ್ಲ" ಅಂದಳು.

ನ್ಯಾಯಾಧೀಶರು ಇದೆಲ್ಲ ನೋಡಿಯೋ ಏನೋ, ಇಬ್ಬರನ್ನೂ ಸಂಧಾನಕ್ಕೆ ಕಳಿಸಿದರು. ನ್ಯಾಯಾಲಯದ ಹಿಂಭಾಗದಲ್ಲಿ ಒಂದು ಕೋಣೆ. ದುಂಡು ಮೇಜು, ನೀರಿನ ಹೂಜಿ, ತಿರುಗುವಾಗ ಟಕ್ ಟಕ್ ಅನ್ನುವ ಫ್ಯಾನು. ಸಂಧಾನಕಾರರು ತಲೆ ನರೆತ ಹೆಂಗಸು, ಆತುರವಿಲ್ಲದ ದನಿ. ಎರಡೂ ಕಡೆಯ ವಕೀಲರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, "ಈಗ ಹೇಳಿ, ನಿಮಗೆ ಏನು ಬೇಕು? ಕಾಗದದಲ್ಲಿರೋದು ಬೇಡ, ಮನಸ್ಸಲ್ಲಿರೋದು" ಎಂದರು.

ಮೇಷ್ಟ್ರು ಹೇಳಿದರು: "ನನ್ನ ಹೆಂಡತಿ ಬಾಗಿಲಲ್ಲಿ ಕೂತು ಬೀದಿ ನೋಡ್ಬೇಕು. ಅಷ್ಟೇ."

ಮಷೀನಕ್ಕ ಹೇಳಿದಳು: "ನನಗೆ ಮನೆ ಬೇಡ. ನನ್ನ ಮೇಜಿಗೆ ಈ ಬೀದೀಲಿ ಜಾಗ ಬೇಕು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟಕ್ಕೇನಾ ಇಷ್ಟು ದಿನ ಬಸ್ಸು ಹತ್ತಿದ್ದು!

ಮನೆಯ ಪಕ್ಕಕ್ಕೆ, ಓಣಿಗೆ ಬೆನ್ನು ಹಾಕಿಕೊಂಡು ಒಂದು ಉಗ್ರಾಣದ ಕೋಣೆ ಇತ್ತು. ಅದಕ್ಕೆ ಬಾಗಿಲು ಮನೆಯೊಳಗಿನಿಂದ ಮಾತ್ರ. ಆ ಬಾಗಿಲನ್ನು ಮುಚ್ಚಿ, ಓಣಿಯ ಕಡೆಯ ಗೋಡೆ ಒಡೆದು ಹೊಸ ಬಾಗಿಲು ಇಟ್ಟರೆ ಅದೇ ಅಂಗಡಿ. ಬೀದಿಯ ಮೂಲೆಗೆ ನಾಲ್ಕು ಹೆಜ್ಜೆ. ಎಲ್ಲಿ ಒಡೆಯುವುದು, ಎಷ್ಟಗಲ ಎಂಬ ಮಾತು ಬಂದಾಗ ಮೇಷ್ಟ್ರು ಕಿವಿಯಿಂದ ಪೆನ್ಸಿಲ್ ತೆಗೆದು ಗೋಡೆಯನ್ನೂ ಬಾಗಿಲನ್ನೂ ಅಳತೆ ಸಮೇತ ಬರೆದೇಬಿಟ್ಟರು. ಬರೆಯುತ್ತಾ ಹುರುಪು ಬಂದು ಬಾಗಿಲ ಮುಂದೆ ಒಂದು ಹೊಲಿಗೆ ಯಂತ್ರವನ್ನೂ ಚಿತ್ರಿಸಿದರು. ಸಂಧಾನಕಾರರು ನಕ್ಕು, "ಯಂತ್ರ ಷರತ್ತಿನೊಳಗೆ ಬರಲ್ಲ ಮೇಷ್ಟ್ರೇ, ಆದರೂ ಇರಲಿ" ಅಂದರು.

ರಾಜಿ ಪತ್ರ ಸಿದ್ಧವಾಯಿತು. ಮೇಷ್ಟ್ರು ಓಣಿಯ ಕಡೆ ಬಾಗಿಲು ಇಡಿಸಿ, ದೀಪ, ನೀರು ಕೊಟ್ಟು, ಆ ಕೋಣೆಯನ್ನು ಹತ್ತು ವರ್ಷದ ಕರಾರಿನ ಮೇಲೆ ಅವಳ ಅಂಗಡಿಗೆ ಬಿಡುವುದು. ಬೇಸಿಗೆ ರಜೆ ಮುಗಿಯುವುದರೊಳಗೆ ಅವಳು ಕೆಳಗಿನ ಮನೆಯನ್ನು ಪೂರ್ತಿ ಖಾಲಿ ಮಾಡಿಕೊಡುವುದು. ಚಿತ್ರವನ್ನೂ ಪತ್ರಕ್ಕೆ ಲಗತ್ತಿಸಿದರು.

ಸಹಿ ಆದ ಮೇಲೆ ಮೇಷ್ಟ್ರು ಎದ್ದು, "ಮುಗೀತಲ್ಲ, ಇನ್ನು ಕೇಸು ವಾಪಸ್ ತಗೊಂಡ್ರಾಯ್ತು" ಎಂದು ಛತ್ರಿ ಕೈಗೆತ್ತಿಕೊಂಡರು. ಸಂಧಾನಕಾರರು ಕೈಯಾಡಿಸಿ ಕೂರಿಸಿದರು. "ವಾಪಸ್ ತಗೊಂಡ್ರೆ ಇದು ನಿಮ್ಮಿಬ್ಬರ ನಡುವಿನ ಮಾತಾಗಿ ಉಳಿಯುತ್ತೆ. ನಾಳೆ ಒಬ್ಬರು ಮಾತು ತಪ್ಪಿದ್ರೆ ಇನ್ನೊಬ್ಬರು ಮೊದಲಿಂದ ಹೊಸ ದಾವೆ ಹಾಕ್ಬೇಕು. ಇದನ್ನ ನ್ಯಾಯಾಧೀಶರ ಮುಂದೆ ಇಡಿ. ಅವರು ಓದಿ, ನಿಮ್ಮನ್ನ ಕೇಳಿ, ಒಪ್ಪಿಕೊಂಡ್ರೆ ಇದೇ ತೀರ್ಪಾಗುತ್ತೆ. ಆಗ ಇದಕ್ಕೆ ನ್ಯಾಯಾಲಯದ ಬಲ ಇರುತ್ತೆ."

"ನಾವೇನು ಮಾತು ತಪ್ಪೋ ಜನಾನಾ?" ಮೇಷ್ಟ್ರಿಗೆ ಸ್ವಲ್ಪ ಅವಮಾನವೇ ಆಯಿತು.

"ನೀವಲ್ಲ ಮೇಷ್ಟ್ರೇ. ಆದ್ರೆ ಮನೆ ನಿಮಗಿಂತ ಹೆಚ್ಚು ದಿನ ಇರುತ್ತೆ."

ಹಾಗೇ ಆಯಿತು. ನ್ಯಾಯಾಧೀಶರು ಷರತ್ತುಗಳನ್ನು ಒಂದೊಂದಾಗಿ ಓದಿ, "ಯಾರ ಒತ್ತಾಯವೂ ಇಲ್ಲ ತಾನೇ?" ಎಂದು ಇಬ್ಬರನ್ನೂ ಕೇಳಿ, ರಾಜಿಯ ಪ್ರಕಾರ ತೀರ್ಪು ಬರೆಸಿದರು. ಆ ದಿನ ಬಸ್ಸಿನಲ್ಲಿ ಮೇಷ್ಟ್ರೂ ಮಷೀನಕ್ಕನೂ ಉದ್ದಕ್ಕೂ ಮಾತಾಡಿದರು. ಎಷ್ಟೆಂದರೆ, ಇಳಿಯುವ ನಿಲ್ದಾಣ ದಾಟಿಹೋಗಿ ಇಬ್ಬರೂ ವಾಪಸ್ ನಡೆದು ಬಂದರು.

ಆದರೆ ಮೇಷ್ಟ್ರಿಗೆ ಬಾಗಿಲು ಇಡಿಸುವ ಭಾಗ್ಯ ಇರಲಿಲ್ಲ. ಶಾಲೆಗಳಿಗೆ ರಜೆ ಬಿಟ್ಟ ವಾರವೇ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಷೀನಕ್ಕ ಅವತ್ತು ಮೇಲಿನಮ್ಮನ ಪಕ್ಕದಿಂದ ಕದಲಲಿಲ್ಲ. ಮಾತಿಲ್ಲದ ಆ ಹೆಂಗಸು ಎಡಗೈಯಿಂದ ಅವಳ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದರು.

ಮನೆ ಈಗ ಮೇಲಿನಮ್ಮನಿಗೂ ಮಗಳಿಗೂ ಬಂತು. ಕಾರುಬಾರು ಅಳಿಯನ ಕೈಗೆ ಹೋಯಿತು. ಕೆಲವು ದಿನ ಬಿಟ್ಟು ಮಷೀನಕ್ಕ ಮೆಲ್ಲಗೆ ಬಾಗಿಲಿನ ಮಾತೆತ್ತಿದಳು.

"ಯಾವ ಬಾಗಿಲು?" ಎಂದ ಅಳಿಯ. "ಓ, ಅದಾ? ಅದು ಮಾವನವರು ಒಪ್ಕೊಂಡಿದ್ದು. ಅವರೇ ಇಲ್ಲ ಈಗ. ನಾನೇನು ಸಹಿ ಹಾಕಿದ್ದೀನಾ? ಮನೆ ಖಾಲಿ ಮಾಡೋ ದಿನ ಮಾತ್ರ ನೆನಪಿಟ್ಕೊಳಿ."

ವಕೀಲರು ಇದನ್ನು ಕೇಳಿ ಮೊದಲ ಬಾರಿಗೆ ಹಸಿವು ಮರೆತವರಂತೆ ನಕ್ಕರು. "ಒಳ್ಳೇದೇ ಆಯ್ತು! ಬಾಗಿಲು ಇಟ್ಟಿಲ್ಲ ಅಲ್ವಾ? ಹಾಗಾದ್ರೆ ನೀವೂ ಅಲ್ಲಾಡ್ಬೇಡಿ. ಗಟ್ಟಿಯಾಗಿ ಕೂತ್ಬಿಡಿ. ಅವರು ತೆರವಿಗೆ ಬಂದ್ರೆ, ಮೊದಲು ನೀವು ಮಾಡೋದು ಮಾಡಿ ಅಂತ ನಾನು ವಾದ ಮಾಡ್ತೀನಿ. ವರ್ಷಗಟ್ಟಲೆ ಎಳೀಬಹುದು. ಮನೆ ಕೈಲಿದ್ರೆ ಹಿಡಿತ ನಮ್ಮದು. ಬಿಟ್ರಿ ಅಂದ್ರೆ ಅವನು ನಿಮ್ಮನ್ನ ತಿರುಗಿಯೂ ನೋಡಲ್ಲ."

ಮಾತೇನೋ ಸರಿಯಾಗಿತ್ತು. ಮಷೀನಕ್ಕ ತಲೆಯಾಡಿಸಿ ಮನೆಗೆ ಬಂದಳು. ಬಂದರೆ ಮೆಟ್ಟಿಲ ಮೇಲೆ ಗದ್ದಲ. ಮೇಲಿನಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಕುರ್ಚಿ ಇಳಿಸುತ್ತಿದ್ದರು. ತಿರುವಿನಲ್ಲಿ ಒಬ್ಬನ ಕಾಲು ಜಾರಿತು, ಕುರ್ಚಿ ಒಂದು ಕಡೆ ವಾಲಿತು. ಮಷೀನಕ್ಕ ಓಡಿಹೋಗಿ ಕೆಳಗಿನಿಂದ ಭುಜ ಕೊಟ್ಟಳು. ಬಿದ್ದು ಅನಾಹುತವಾಗಲಿಲ್ಲ. ಆದರೆ ಮೇಲಿನಮ್ಮನ ಮುಖ ಅವಳ ಮುಖಕ್ಕೆ ಗೇಣು ದೂರದಲ್ಲಿತ್ತು. ಹೆದರಿಕೆಗಿಂತ ಹೆಚ್ಚಾಗಿ ಅದರಲ್ಲಿ ನಾಚಿಕೆ ಇತ್ತು. ಹೀಗೆ ಸಾಮಾನಿನಂತೆ ಹೊರಿಸಿಕೊಳ್ಳಬೇಕಾಗಿ ಬಂದವರ ನಾಚಿಕೆ.

ಮರುದಿನ ಮಧ್ಯಾಹ್ನ, ಗಂಡ ನಿದ್ದೆ ಮುಗಿಸಿ ಎದ್ದು ಟೀ ಕುಡಿಯುವಾಗ ಅವಳು ಹೇಳಿದಳು. "ಹೇಳಿದ ದಿನಕ್ಕೆ ಮನೆ ಬಿಡೋಣ."

ಗಂಡ ಲೋಟ ಕೆಳಗಿಟ್ಟ. "ಮತ್ತೆ ನಿನ್ನ ಕೋಣೆ?"

"ಅದನ್ನ ಕೇಳಿ ತಗೋತೀನಿ. ಬಿಟ್ಟುಕೊಡಲ್ಲ."

"ವಕೀಲರು ಬೈಯಲ್ವಾ?"

"ಬೈಲಿ. ಕೇಸು ನನಗೂ ಅಳಿಯನಿಗೂ. ಮೆಟ್ಟಿಲು ಇಳಿಯೋರು ಮೇಲಿನಮ್ಮ. ನನ್ನ ಬಾಗಿಲಿಗೆ ಅವರನ್ನ ಯಾಕೆ ಒತ್ತೆ ಇಟ್ಕೊಳ್ಳಲಿ? ಮತ್ತೆ ನಾನು ನನ್ನ ಮಾತು ಮುರಿದು ಕೂತ್ರೆ, ನಿನ್ನ ಮಾತು ಉಳಿಸ್ಕೋ ಅಂತ ಅವನಿಗೆ ಯಾವ ಬಾಯಲ್ಲಿ ಹೇಳಲಿ?"

ಗಂಡ ಲೋಟ ಮತ್ತೆ ಕೈಗೆತ್ತಿಕೊಂಡ. "ನೀನು ಹೇಳಿದ್ಮೇಲೆ ಮುಗೀತು. ಆದ್ರೆ ಇಷ್ಟು ಮಷೀನು ಎಲ್ಲಿಡ್ತೀಯಾ? ನನ್ನ ಒಲೆಯೊಳಗಾ?"

ವಕೀಲರು ನಿಜಕ್ಕೂ ಬೈದರು. "ನಿಮ್ಮಂಥ ಕಕ್ಷಿದಾರರಿದ್ದರೆ ನಾವು ಮನೆಗೆ ಹೋಗಿ ಮಲಗಬೇಕಷ್ಟೇ" ಎಂದರು. ಆದರೆ ಅವಳು ಕದಲುವುದಿಲ್ಲವೆಂದು ಗೊತ್ತಾದಾಗ ಕನ್ನಡಕ ಒರೆಸಿಕೊಂಡು ಕೂತು ಒಂದು ದಾರಿ ಹುಡುಕಿದರು. "ಹೋಗೋದೇ ಆದ್ರೆ ಸುಮ್ಮನೆ ಬೀಗ ಕೊಟ್ಟು ಹೋಗ್ಬೇಡಿ. ನ್ಯಾಯಾಲಯದಲ್ಲೇ ಕೊಡೋಣ. ರಾಜಿಯ ಪ್ರಕಾರ ನನ್ನ ಪಾಲಿನದು ನಾನು ಮಾಡಿದ್ದೀನಿ, ಬರಬೇಕಾದ್ದನ್ನ ಬಿಟ್ಟುಕೊಟ್ಟಿಲ್ಲ ಅಂತ ದಾಖಲಾಗಲಿ."

ಗಡುವಿನ ದಿನ ಅವಳು ಮನೆ ಗುಡಿಸಿ, ನೆಲ ಒರೆಸಿ, ಎಣ್ಣೆ ಕಲೆಯಿದ್ದ ಗೋಡೆಗೆ ತಾನೇ ಸುಣ್ಣ ಬಳಿದಿದ್ದಳು. ನ್ಯಾಯಾಲಯದ ಮೇಜಿನ ಮೇಲೆ ಬೀಗದ ಕೈ ಇಟ್ಟಳು. ಅಳಿಯ ಅದನ್ನು ಎತ್ತಿಕೊಂಡು, ತಲುಪಿದೆ ಎಂದು ಸಹಿ ಹಾಕಿ, ಹಲ್ಲು ಕಾಣುವಂತೆ ನಕ್ಕು ಹೊರಗೆ ಹೋದ. ಅದೇ ವಾರ ಮೇಲಿನಮ್ಮ ಕೆಳಗಿನ ಮನೆಗೆ ಬಂದರು. ಅದೇ ವಾರ ಉಗ್ರಾಣದ ಕೋಣೆಯ ತುಂಬ ಟೈಲ್ಸ್ ಪೆಟ್ಟಿಗೆಗಳು ಬಂದು ಕೂತವು.

ಬೀದಿಯವರು ಅವಳನ್ನು ದಡ್ಡಿ ಅಂದರು. ಮುಖದ ಮುಂದೆ ಅನ್ನಲು ಧೈರ್ಯವಿಲ್ಲದವರು ಅವಳ ಗಂಡನ ಮುಂದೆ ಅಂದರು. ಅವನು, "ಹೌದು, ಅದಕ್ಕೇ ನನ್ನನ್ನ ಮದುವೆಯಾದಳು" ಎಂದು ಬನ್ನು ಕಟ್ಟಿಕೊಟ್ಟು ಕಳಿಸಿದ.

ಆ ಒಂದು ಕಾಲ ಮಷೀನಕ್ಕನಿಗೆ ಬಲು ಕಷ್ಟದ್ದು. ಬೇಕರಿಯ ಹಿಂದಿನ ಎರಡು ಕೋಣೆಯ ಮನೆ ಸಿಕ್ಕಿತ್ತು. ಅಲ್ಲೇ ಹಿತ್ತಿಲ ಪಡಸಾಲೆಯಲ್ಲಿ ಮೇಜು ಹಾಕಿದಳು. ಆದರೆ ಬೇಕರಿಯ ಹಿಟ್ಟಿನ ಧೂಳು ಗಾಳಿಯಲ್ಲಿ ತೇಲಿ ಬಂದು ಬಿಚ್ಚಿಟ್ಟ ಯಂತ್ರದೊಳಗೆ ಕೂರುತ್ತಿತ್ತು. ಎಣ್ಣೆಯ ಜೊತೆ ಸೇರಿ ಅಂಟಾಗುತ್ತಿತ್ತು. ರಿಪೇರಿ ಮಾಡಿಕೊಟ್ಟ ಯಂತ್ರವೊಂದು ವಾರದೊಳಗೆ ಹಿಂದಕ್ಕೆ ಬಂತು. ಅವಳ ಇಡೀ ಬದುಕಿನಲ್ಲಿ ಹಾಗಾದದ್ದು ಅದೇ ಮೊದಲು. ಅವತ್ತು ಅವಳು ಊಟ ಮಾಡಲಿಲ್ಲ. ಮರುದಿನದಿಂದ ಮೇಜು ಮುಚ್ಚಿ, ಹತಾರದ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಗಿರಾಕಿಗಳ ಮನೆ ಬಾಗಿಲಿಗೇ ಹೋಗತೊಡಗಿದಳು. ಮಳೆಯಲ್ಲಿ ನೆನೆದಳು, ಬಿಸಿಲಲ್ಲಿ ಒಣಗಿದಳು, ಮಂಡಿ ನೋವು ಬರಿಸಿಕೊಂಡಳು. ಅರ್ಧ ಗಿರಾಕಿಗಳು ಬೇರೆ ಕಡೆ ಹೋದರು. ನ್ಯಾಯಾಲಯದ ತಾರೀಖು ಬಂದ ದಿನ ಮಾತ್ರ ಸೈಕಲ್ ಮನೆಯಲ್ಲಿ ಬಿಟ್ಟು, ತಲೆ ಬಾಚಿ, ಹೊತ್ತಿಗೆ ಮುಂಚೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದಳು. ತೀರ್ಪನ್ನು ಜಾರಿ ಮಾಡಿಸಿಕೊಡಿ ಎಂದು ವಕೀಲರು ಅಮಲ್ಜಾರಿ ಅರ್ಜಿ ಹಾಕಿದ್ದರು.

ಅಳಿಯನ ವಕೀಲರು ಮಾತಿನ ಮಲ್ಲ. ಸಹಿ ಮಾಡಿದವರು ತೀರಿಕೊಂಡಿದ್ದಾರೆ, ಅವರೊಡನೆ ಒಪ್ಪಂದವೂ ತೀರಿತು ಎಂದರು. ಬಾಗಿಲು ಎಂದರೆ ಯಾವ ಬಾಗಿಲು, ಎಲ್ಲಿ, ಹೇಗೆ, ಇಂಥ ಅಸ್ಪಷ್ಟ ಮಾತನ್ನು ಜಾರಿ ಮಾಡುವುದು ಸಾಧ್ಯವೇ ಎಂದರು. ಗೋಡೆ ಒಡೆಯಲು ನಗರಸಭೆಯ ಅನುಮತಿ ಇಲ್ಲ ಎಂದರು.

ನ್ಯಾಯಾಧೀಶರು ಎಲ್ಲ ಕೇಳಿಸಿಕೊಂಡರು. ರಾಜಿ ತೀರ್ಪು ಬರೆಸಿದ್ದವರೂ ಅವರೇ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅಳಿಯನನ್ನೇ ಕೇಳಿದರು.

"ಕೆಳಗಿನ ಮನೆ ಈಗ ಯಾರ ಹತ್ತಿರ ಇದೆ?"

"ನಮ್ಮ ಹತ್ತಿರ, ಸ್ವಾಮಿ."

"ಬೀಗದ ಕೈ ಯಾರು ತಗೊಂಡ್ರು?"

"ನಾನೇ."

"ಯಾವ ಕಾಗದದ ಪ್ರಕಾರ?"

ಅಳಿಯ ತನ್ನ ವಕೀಲರ ಮುಖ ನೋಡಿದ. ವಕೀಲರು ಕಡತ ನೋಡತೊಡಗಿದರು.

"ರಾಜಿ ತೀರ್ಪಿನ ಪ್ರಕಾರ, ಅಲ್ವಾ? ಅದೇ ಕಾಗದದಲ್ಲಿ ಮನೆ ಕೊಡೋ ಸಾಲು ನಿಮಗೆ ಅನ್ವಯ ಆಗುತ್ತೆ, ಬಾಗಿಲು ಇಡೋ ಸಾಲು ಮಾತ್ರ ನಿಮ್ಮ ಮಾವನವರ ಜೊತೆ ಹೋಯ್ತು ಅಂತೀರಾ? ಆಸ್ತಿ ಬೇಕು ಅಂದವರಿಗೆ ಆಸ್ತಿ ಮೇಲಿನ ಹೊಣೆಯೂ ಬರುತ್ತೆ." ಆಮೇಲೆ ಪುಟ ತಿರುವಿ ಮೇಷ್ಟ್ರ ಚಿತ್ರವನ್ನು ಎತ್ತಿ ತೋರಿಸಿದರು. "ಇನ್ನು ಅಸ್ಪಷ್ಟತೆ. ಇಷ್ಟು ಸ್ಪಷ್ಟವಾದ ಬಾಗಿಲನ್ನ ನಾನು ಈ ನ್ಯಾಯಾಲಯದಲ್ಲಿ ಈವರೆಗೂ ನೋಡಿಲ್ಲ."

ಹಿಂದಿನ ಸಾಲಿನಲ್ಲಿ ಕೂತಿದ್ದ ಮಷೀನಕ್ಕನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅವಳ ವಕೀಲರು ಹೊರಗೆ ಬಂದಾಗ ಹೇಳಿದರು. "ಅಮ್ಮಾ, ನೀವು ಮನೇಲೇ ಕೂತಿದ್ದಿದ್ರೆ ಇವತ್ತು ಎರಡೂ ಕಡೆಯವರು ಮಾತು ತಪ್ಪಿದವರಾಗ್ತಾ ಇದ್ವಿ. ನಾನು ಕೊಟ್ಟ ಸಲಹೆ ಕೆಟ್ಟದ್ದಲ್ಲ. ಆದ್ರೆ ನಿಮ್ಮದು ಚೆನ್ನಾಗಿತ್ತು."

"ನಡೀರಿ, ಏನಾದ್ರೂ ತಿನ್ನೋಣ" ಅಂದಳು ಅವಳು.

ಅನುಮತಿ ತಂದು ಬಾಗಿಲು ಇಡಿಸಲು ಅಳಿಯನಿಗೆ ಕಾಲಾವಕಾಶ ಸಿಕ್ಕಿತು. ಅವನು ಇವತ್ತು ನಾಳೆ ಎನ್ನುತ್ತಾ ದಿನ ದೂಡಿದ. ಕೊನೆಗೆ ಮಷೀನಕ್ಕನೇ ನಗರಸಭೆಗೆ ಅಲೆದು ಅನುಮತಿ ಹೊರಡಿಸಿದಳು; ನ್ಯಾಯಾಲಯವು ಗಾರೆ ಕೆಲಸದವನನ್ನು ಜೊತೆಮಾಡಿ, ಆದೇಶ ಜಾರಿ ಮಾಡುವ ಅಮೀನರನ್ನು ಕಳಿಸಿತು. ಖರ್ಚೆಲ್ಲ ಅಳಿಯನ ತಲೆಗೆ.

ಅವತ್ತು ಓಣಿಯಲ್ಲಿ ಜನವೋ ಜನ. ಅಮೀನರು ಆದೇಶ ಓದಿದರು. ಗಾರೆಯವನು ಚಿತ್ರ ನೋಡಿಕೊಂಡು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಸುತ್ತಿಗೆ ಎತ್ತುವಷ್ಟರಲ್ಲಿ ಅಳಿಯ ಅಡ್ಡ ಬಂದ. "ಒಳಗೆ ಕಾಯಿಲೆಯವರು ಮಲಗಿದ್ದಾರೆ ಸ್ವಾಮಿ. ಅತ್ತೆಯವರಿಗೆ ಈ ಸದ್ದು ಆಗಿಬರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

ಅಮೀನರು ತಡವರಿಸಿದರು. ಮೇಲಿನಮ್ಮನಿಗೆ ತೊಂದರೆಯಾಗುತ್ತದೆ ಎಂದರೆ ಮಷೀನಕ್ಕ ಏನು ಹೇಳಬೇಕು? "ಹಾಗಾದ್ರೆ ಇವತ್ತು ಬೇಡ ಬಿಡಿ" ಎಂಬ ಮಾತು ಅವಳ ಬಾಯಿಯವರೆಗೂ ಬಂದಿತ್ತು.

ಅಷ್ಟರಲ್ಲಿ ಗಾಲಿಕುರ್ಚಿ ಓಣಿಯ ಮೂಲೆ ತಿರುಗಿತು. ತಳ್ಳಿಕೊಂಡು ಬರುತ್ತಿದ್ದವಳು ಮೇಷ್ಟ್ರ ಮಗಳು. ಅವಳು ಗಂಡನ ಕಡೆ ನೋಡಲಿಲ್ಲ. ಮೇಲಿನಮ್ಮ ಗೋಡೆ ನೋಡಿದರು, ಗೆರೆ ನೋಡಿದರು, ಗಾರೆಯವನ ಕೈಯಲ್ಲಿದ್ದ, ತಮ್ಮ ಗಂಡ ಬರೆದ ಚಿತ್ರವನ್ನು ತರಿಸಿಕೊಂಡು ಎಡಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಅವರ ಬಾಯಿ ಒಂದು ಕಡೆಗೆ ಎಳೆಯಿತು. ಕುಸಿದುಬಿದ್ದ ದಿನದಿಂದ ಆ ಬಾಯಿಂದ ಯಾರೂ ಒಂದು ಸ್ಪಷ್ಟ ಮಾತು ಕೇಳಿರಲಿಲ್ಲ.

"ಒಡೀ... ರಿ," ಅಂದರು.

ಗಾರೆಯವನು ಅಮೀನರ ಅಪ್ಪಣೆಗೂ ಕಾಯಲಿಲ್ಲ.

ಟೈಲ್ಸ್ ಪೆಟ್ಟಿಗೆಗಳನ್ನು ಹೊಸ ಬಾಗಿಲಿನಿಂದಲೇ ಹೊರಗೆ ಸಾಗಿಸಿದರು. ಮಷೀನಕ್ಕ ಒಂದು ತುದಿ ಹಿಡಿದಳು. ಇನ್ನೊಂದು ತುದಿಗೆ ಯಾರೂ ಇಲ್ಲದಿದ್ದಾಗ ಅಳಿಯನೇ ಬಂದು ಹಿಡಿಯಬೇಕಾಯಿತು. "ನಿಧಾನ, ಮೂಲೆ ಒಡೆದೀತು" ಎಂದು ಅವಳೇ ಅವನಿಗೆ ಹೇಳಿದಳು.

ಆಮೇಲಿನ ವರ್ಷಗಳು ಕೆಲಸದಲ್ಲಿ ಕಳೆದವು. ಹೋದ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಬೆಳಿಗ್ಗೆ ಹೊತ್ತು ಮೇಲಿನಮ್ಮನ ಕುರ್ಚಿ ಮುಂಬಾಗಿಲಲ್ಲಿ ಬೀದಿ ನೋಡುತ್ತಿತ್ತು, ಸಂಜೆ ಹೊತ್ತು ಓಣಿಯ ಬಾಗಿಲಲ್ಲಿ ಮಷೀನಕ್ಕನ ಮಾತು ಕೇಳುತ್ತಿತ್ತು. ಈಗ ಬೀದಿಯ ಸುದ್ದಿ ಹೇಳುವ ಸರದಿ ಇವಳದು. ಬಾಡಿಗೆಯ ಜಗಳವಿದ್ದವರು ಯಂತ್ರವಿಲ್ಲದಿದ್ದರೂ ಅಂಗಡಿಗೆ ಬಂದು ಕೂರತೊಡಗಿದರು. ಅವಳು ಕಾನೂನು ಹೇಳುತ್ತಿರಲಿಲ್ಲ. "ವಕೀಲರ ಹತ್ತಿರ ಹೋಗಿ" ಎನ್ನುತ್ತಿದ್ದಳು. ಒಂದು ಮಾತು ಮಾತ್ರ ಸೇರಿಸುತ್ತಿದ್ದಳು: "ರಾಜಿ ಆದ್ರೆ ಒಳ್ಳೇದು. ಆದ್ರೆ ಮೊಗಸಾಲೇಲಿ ಕೈ ಕುಲುಕಿ ಬಂದ್ಬಿಡಬೇಡಿ. ಒಳಗೆ ಹೋಗಿ, ಓದಿಸಿ, ಬರೆಸಿ. ಬಂದ್ಮೇಲೆ ನಿಮ್ಮ ಪಾಲಿನದನ್ನ ನೀವು ಮೊದಲು ಮಾಡಿ."

ಮೇಲಿನಮ್ಮ ಹೋದದ್ದು ಒಂದು ತಣ್ಣನೆಯ ಬೆಳಿಗ್ಗೆ, ಮುಂಬಾಗಿಲಲ್ಲಿ ಕೂತಲ್ಲೇ. ಕರಾರಿನ ಅವಧಿ ಮುಗಿಯಲು ಆಗ ಇನ್ನೂ ಸ್ವಲ್ಪ ಸಮಯವಿತ್ತು.

ಅವಧಿ ಮುಗಿಯುವ ವಾರ ಅಳಿಯ ಯಾವುದೋ ಕೆಲಸಕ್ಕೆ ಆ ಓಣಿಗೆ ಬಂದವನು ಬೆಪ್ಪಾಗಿ ನಿಂತ. ಅಂಗಡಿ ಅರ್ಧ ಖಾಲಿ. ಹತಾರಗಳು ಪೆಟ್ಟಿಗೆಯಲ್ಲಿ, ಗೋಡೆಗೆ ಹೊಸ ಸುಣ್ಣ. ಮಷೀನಕ್ಕ ಏಣಿಯ ಮೇಲೆ ನಿಂತು ಮೂಲೆಯ ಬಲೆ ತೆಗೆಯುತ್ತಿದ್ದಳು.

"ಎಲ್ಲಿಗೆ ಹೊರಟ್ರಿ?"

"ಗಡುವು ಮುಗೀತಲ್ಲ."

"ಯಾರು ಹೋಗಿ ಅಂದ್ರು ನಿಮಗೆ? ನಾನು ಅಂದ್ನಾ? ನನ್ನ ಹೆಂಡತಿ ಅಂದ್ಲಾ?"

"ನಿಮ್ಮ ಮಾವನವರ ಹತ್ತಿರ ಒಪ್ಕೊಂಡಿದ್ದು."

ಅಳಿಯನ ತಲೆಯೂ ಈಗ ನರೆತಿತ್ತು. ಅವನು ಒಳಗೆ ಬಂದು ಪೆಟ್ಟಿಗೆಯ ಮೇಲೆ ಕೂತ, ಎದ್ದ, ಮತ್ತೆ ಕೂತ. "ನೋಡಿ, ನೀವು ಇಲ್ಲಿಂದ ಎದ್ರೆ ನನ್ನ ಹೆಂಡತಿ ನನ್ನನ್ನ ಮನೆಯೊಳಗೆ ಸೇರಿಸಲ್ಲ. ಇರಿ ಇಲ್ಲೇ. ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಇರಿ. ನಮ್ಮ ನಮ್ಮಲ್ಲಿ ಇನ್ನು ಕಾಗದ ಗೀಗದ ಎಲ್ಲ ಯಾಕೆ?"

ಮಷೀನಕ್ಕ ಏಣಿಯಿಂದ ಇಳಿದು, ಕೈ ಒರೆಸಿಕೊಂಡು, ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಳಿಯನಿಗೂ ತಾನು ಆಡಿದ ಮಾತು ಅರ್ಥವಾಗಿ ನಗು ಬಂತು.

"ಇರ್ತೀನಿ ಬಿಡಪ್ಪಾ," ಅಂದಳು. ಅವನನ್ನು ಅಪ್ಪಾ ಎಂದು ಕರೆದದ್ದು ಅದೇ ಮೊದಲು. "ಆದ್ರೆ ಕಾಗದ ಬೇಕು."

ಮರುದಿನ ಇಬ್ಬರೂ ವಕೀಲರ ಕಚೇರಿಗೆ ಹೋಗಿ ಹೊಸ ಕರಾರು ಬರೆಸಿದರು.